ಬೆರಿಲ್ ಬರೆದಿಟ್ಟ ಸಂತಾಪಗಳು

ಬೆರಿಲ್ ಹೋಲ್‌ರಾಯ್ಡ್ ನಮ್ಮ ತಾಲೀಮಿನ ಹಾಲ್‌ಗೆ ಮೊದಲ ಸಲ ಬಂದಾಗ ಎಲ್ಲರೂ ಅವಳನ್ನು ಚರ್ಚಿಗೆ ಹೂವಿಡಲು ಬಂದವಳು ಎಂದುಕೊಂಡರು. ಹಾಲ್ ಚರ್ಚಿನದೇ, ಆಕ್ಟನ್‌ನಲ್ಲಿ. ಟೆಲಿವಿಷನ್‌ನವರು ವಾರಕ್ಕೆ ನಾಲ್ಕು ದಿನ ಬಾಡಿಗೆಗೆ ಹಿಡಿದಿದ್ದರು. ಕಂದು ಕೋಟು, ಮಳೆಗೆ ತಲೆಗೆ ಕಟ್ಟಿಕೊಂಡ ಪ್ಲಾಸ್ಟಿಕ್ ವಸ್ತ್ರ, ಕೈಯಲ್ಲಿ ಕೇಕಿನ ಡಬ್ಬ. ನಮ್ಮ ನಿರ್ಮಾಪಕ ಪಿಯರ್ಸ್ ತಲೆ ಎತ್ತದೆ, "ಅಮ್ಮಾ, ಹೂವೆಲ್ಲಾ ಭಾನುವಾರ ಇಟ್ಕೊಳ್ಳಿ, ಇಲ್ಲಿ ಕೆಲಸ ನಡೀತಿದೆ" ಎಂದ.

ಅವಳು ಕದಲಲಿಲ್ಲ. "ಹತ್ತು ಗಂಟೆಗೆ ಬನ್ನಿ ಅಂತ ನೀವೇ ಹೇಳಿದ್ದು. ಇನ್ನೂ ಎರಡು ನಿಮಿಷ ಇದೆ, ಬೇಕಾದ್ರೆ ಹೊರಗೆ ನಿಂತಿರ್ತೀನಿ" ಎಂದಳು.

ನಾನು ಮೊಯ್ರಾ. ಆ ಕಾರ್ಯಕ್ರಮದ ಸ್ಕ್ರಿಪ್ಟ್ ಟೈಪಿಸ್ಟು. ನಟರು ಬದಲಾಯಿಸಿದ್ದು, ಪಿಯರ್ಸ್ ಬದಲಾಯಿಸಿದ್ದು, ಆಮೇಲೆ ಇಬ್ಬರೂ ಜಗಳವಾಡಿ ಮೊದಲಿದ್ದಂತೆಯೇ ಮಾಡಿದ್ದು, ಎಲ್ಲ ನನ್ನ ಬೆರಳಿನ ಮೇಲೆಯೇ ಹಾದುಹೋಗಬೇಕು. ಕಾರ್ಯಕ್ರಮದ ಹೆಸರು 'ಒಳ್ಳೆ ಹೆಸರು'. ಹಣವಂತರ ಮಾನಕ್ಕೆ ಸುಣ್ಣ ಬಳಿಯುವ ಒಂದು ಪಿ.ಆರ್. ಕಂಪನಿಯ ಕಥೆ. ಕಳ್ಳ ಮಂತ್ರಿ, ಕುಡುಕ ಬಿಷಪ್ಪು, ವಿಷ ಬೆರೆಸಿದ ಹಾಲಿನ ಪುಡಿ, ಯಾವುದೇ ಬರಲಿ, ಆ ಕಂಪನಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವರನ್ನು ಪಾರು ಮಾಡುತ್ತದೆ. ಜನ ನಗುತ್ತಾರೆ. ಬರೆಯುವವನೂ ಆದ ಪಿಯರ್ಸ್‌ಗೆ ಮಾತ್ರ ಅಂಥ ಕಂಪನಿಯ ಒಳಮನೆ ಗೊತ್ತಿರಲಿಲ್ಲ. ಅದಕ್ಕೇ ಬೆರಿಲ್‌ಳನ್ನು ಹುಡುಕಿ ಸಲಹೆಗೆ ಕರೆಸಿದ್ದ.

ಅವಳಿಗೆ ಆಗ ಐವತ್ತನಾಲ್ಕು. ಯಾರ್ಕ್‌ಶೈರ್‌ನ ಉಣ್ಣೆ ಗಿರಣಿಯವರ ಮಗಳು. ಇಪ್ಪತ್ತೊಂದಕ್ಕೆ ಲಂಡನ್ನಿಗೆ ಬಂದು ಒಂದು ದೊಡ್ಡ ಪಿ.ಆರ್. ಕಂಪನಿಯಲ್ಲಿ ಟೈಪಿಸ್ಟಾಗಿ ಕೂತವಳು. ಎರಡು ವರ್ಷದಲ್ಲಿ ಅವರಿಗೆ ಗೊತ್ತಾಯಿತು, ಈ ಹುಡುಗಿ ಟೈಪು ಮಾಡುತ್ತಾ ಮಾಡುತ್ತಾ ವಾಕ್ಯಗಳನ್ನು ಸರಿಮಾಡಿಬಿಡುತ್ತಾಳೆ ಎಂದು. ಆಮೇಲೆ ಬರೆಯುವುದನ್ನೇ ಅವಳ ಕೈಗೆ ಕೊಟ್ಟರು. ಪತ್ರಿಕೆಗಳಲ್ಲಿ 'ಅಧ್ಯಕ್ಷರು ಹೇಳಿದರು' ಎಂದು ಬರುತ್ತದಲ್ಲ, ಅಧ್ಯಕ್ಷರು ಏನೂ ಹೇಳಿರುವುದಿಲ್ಲ. ಅವರು ಊಟಕ್ಕೆ ಹೋಗಿರುತ್ತಾರೆ. ಹೇಳಿದ್ದು ಬೆರಿಲ್. ಅದು ಆ ಕಸುಬಿನ ರೂಢಿ, ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ.

ಅವಳು ಎತ್ತಿದ ಕೈ ಎನಿಸಿಕೊಂಡದ್ದು ಸಂತಾಪದಲ್ಲಿ. ಅವಳ ಮೇಜಿನ ಹಿಂದೆ ಮೂರು ಖಾನೆಯ ಕಬ್ಬಿಣದ ಬೀರು. ಅದರಲ್ಲಿ ಮೊದಲೇ ಬರೆದಿಟ್ಟ ದುಃಖಗಳು: ದೋಣಿ ಮುಳುಗಿದರೆ, ಗಣಿ ಕುಸಿದರೆ, ಬಸ್ಸು ಉರುಳಿದರೆ. ಊರಿಗೆ, ಸಂಖ್ಯೆಗೆ, ಹೆಸರಿಗೆ ಖಾಲಿ ಜಾಗ ಬಿಟ್ಟಿರುತ್ತಿತ್ತು. ಅನಾಹುತ ಆದ ಅರ್ಧ ಗಂಟೆಯಲ್ಲಿ ಕಂಪನಿಯ ಕಣ್ಣೀರು ಪತ್ರಿಕೆಗಳಿಗೆ ತಲುಪಬೇಕು. ಸತ್ತ ಮೇಲೆ ಕೂತು ಬರೆಯಲು ಯಾರಿಗೆ ಹೊತ್ತಿದೆ? ಮೂವತ್ತು ವರ್ಷ ಅವಳು ಆ ಬೀರು ಕಾದಳು. ಮದುವೆಯಾಗಲಿಲ್ಲ. ಈಲಿಂಗ್‌ನಲ್ಲಿ ಎರಡು ಕೋಣೆಯ ಮನೆ. ಭಾನುವಾರ ಒಂದು ಸಣ್ಣ ಕೋಳಿ ಬೇಯಿಸಿಕೊಂಡರೆ ಬುಧವಾರದವರೆಗೆ ಅದೇ.

ಕಂಪನಿಯನ್ನು ಅಮೆರಿಕದವರು ಕೊಂಡು ಇವಳನ್ನು ಮನೆಗೆ ಕಳಿಸಿದ ದಿನದ ಕಥೆಯನ್ನೇ ಅವಳು ನಮಗೆ ಮೊದಲು ಹೇಳಿದ್ದು. ಬೀಳ್ಕೊಡುಗೆಯಲ್ಲಿ ಮೇಲಧಿಕಾರಿ ಒಂದು ಚೆಂದದ ಭಾಷಣ ಓದಿದನಂತೆ. ಎರಡನೇ ವಾಕ್ಯಕ್ಕೇ ಅವಳಿಗೆ ಗುರುತು ಸಿಕ್ಕಿತು. ಹದಿಮೂರು ವರ್ಷದ ಹಿಂದೆ ಯಾವನೋ ಲೆಕ್ಕಿಗನ ನಿವೃತ್ತಿಗೆ ಅವಳೇ ಬರೆದು ಖಾನೆಯಲ್ಲಿ ಹಾಕಿಟ್ಟದ್ದು.

"ಕೊನೇಲಿ 'ಅವರ ಗಾಲ್ಫ್ ಆಟ ಇನ್ನಷ್ಟು ಸುಧಾರಿಸಲಿ' ಅಂತಿತ್ತು. ಅದನ್ನೂ ಓದಿಬಿಟ್ಟ" ಎಂದಳು ಬೆರಿಲ್. "ನಾನು ಎದ್ದು ಥ್ಯಾಂಕ್ಸ್ ಹೇಳ್ದೆ. ಸುಧಾರಿಸ್ಕೋತೀನಿ ಅಂದೆ."

ಹಾಲ್ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಪಿಯರ್ಸ್ ನೆಲದ ಮೇಲೆ ಕೂತೇಬಿಟ್ಟ. ನಾನು ಬೆರಿಲ್‌ಳ ಮುಖ ನೋಡುತ್ತಿದ್ದೆ. ಮೊದಲು ಬೆಚ್ಚಿದಳು, ಆಮೇಲೆ ಕಿವಿಯವರೆಗೆ ಕೆಂಪಾದಳು. ತನ್ನ ಬಾಯಿಂದ, ತನ್ನ ದನಿಯಲ್ಲಿ ಬಂದ ಮಾತಿಗೆ ಇಪ್ಪತ್ತು ಜನ ಕಿವಿಗೊಟ್ಟದ್ದು ಅವಳ ಬದುಕಿನಲ್ಲಿ ಅದೇ ಮೊದಲಿರಬೇಕು. ನನಗೆ ಅವಳ ಮೇಲೆ ಅಯ್ಯೋ ಅನಿಸಿತು, ಸಂತೋಷವೂ ಆಯಿತು.

ಅಲ್ಲಿಂದ ಅವಳಿಗೆ ನಗುವಿನ ರುಚಿ ಹತ್ತಿತು. ಪ್ಲಾಸ್ಟಿಕ್ ವಸ್ತ್ರ ಹೋಯಿತು, ನೀಲಿ ಕಾರ್ಡಿಗನ್ ಬಂತು. ಕಥೆ ಹೇಳುವಾಗ ಕೈ ಆಡಿಸಲು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಲು ಕಲಿತಳು. ನಾಲ್ಕು ಕಂತುಗಳು ಅವಳ ಕಥೆಗಳ ಮೇಲೆಯೇ ನಿಂತವು. ಐದನೆಯದಕ್ಕೆ ಬರುವಷ್ಟರಲ್ಲಿ ಬಾವಿಯ ತಳ ಕಂಡಿತ್ತು.

"ಬೆರಿಲ್, ನನ್ನ ಚಿನ್ನ, ಇನ್ನೊಂದೇ ಒಂದು" ಎಂದ ಪಿಯರ್ಸ್. "ಬೀರು ಮೂಲೇಲಿ ಏನಾದ್ರೂ ಉಳಿದಿರುತ್ತೆ. ನೋಡು."

"ಒಂದು ಸಾಲಿದೆ" ಎಂದಳು ಅವಳು.

ಆ ಸಾಲು ಇಷ್ಟೇ: 'ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ದಿನದ ಭಾರ ಅರ್ಧ ಇಳಿಯುತ್ತಿತ್ತು.' ತುಂಬ ಒಳ್ಳೆಯ ಸಾಲೆಂದು ಕಂಪನಿಯಲ್ಲಿ ಅದನ್ನು ಮಾದರಿ ಮಾಡಿ ಇಟ್ಟುಕೊಂಡಿದ್ದರಂತೆ. ಊರೆಲ್ಲ ಶಾಪ ಹಾಕುತ್ತಿದ್ದ ಬ್ಯಾಂಕಿನ ನಿರ್ದೇಶಕನಿಗೆ ಬಳಸಿದರು. ಯಾರ ಬಾಗಿಲಿಗೂ ಹೋಗದ ಒಬ್ಬ ಲಾರ್ಡಿಗೆ ಬಳಸಿದರು. ಕೊನೆಗೆ ಒಂದು ರೇಸ್ ಕುದುರೆಗೂ ಬಳಸಿದರು. ಬಾಗಿಲಿನ ಬದಲು ಲಾಯದ ಬಾಗಿಲು ಎಂದು ಮಾಡಿದರು, ಅಷ್ಟೇ. ಬೆರಿಲ್ ಒಬ್ಬೊಬ್ಬರ ದನಿಯಲ್ಲಿ ಹೇಳಿ ತೋರಿಸಿದಳು. ಪಿಯರ್ಸ್ ಮೇಜು ಗುದ್ದಿದ.

"ಮೊದಲು ಯಾರಿಗೆ ಬರೆದಿದ್ದು?" ಎಂದು ನಾನೇ ಕೇಳಿದೆ. ನನ್ನ ನಾಲಿಗೆ ಸ್ವಲ್ಪ ಉದ್ದ.

"ಯಾರೋ ಹುಡುಗ. ಬಿಸ್ಕತ್ತು ಕಾರ್ಖಾನೆಯವನು. ಬಾಯ್ಲರ್ ಸಿಡೀತು" ಎಂದಳು, ಕೇಕು ಕತ್ತರಿಸುತ್ತಾ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವಾರ ಪಿಯರ್ಸ್ ಕೊಟ್ಟ ಐದನೇ ಕಂತನ್ನು ಟೈಪು ಮಾಡುವಾಗ ಎಣಿಸಿದೆ, ಆ ಸಾಲು ಹನ್ನೊಂದು ಕಡೆ ಇತ್ತು. ಶುರುವಾಗುವುದೇ ಬಿಸ್ಕತ್ತು ಕಾರ್ಖಾನೆಯಿಂದ. ಒಬ್ಬ ಹುಡುಗ ಸಾಯುತ್ತಾನೆ. ಅವನನ್ನು ಕಂಡೇ ಇರದ ಮಾಲೀಕ ಕ್ಯಾಮೆರಾ ಮುಂದೆ ಮೂಗೊರೆಸಿಕೊಂಡು ಆ ಸಾಲು ಹೇಳುತ್ತಾನೆ. ಎಲ್ಲರೂ ಸುತ್ತ ಕೂತು ಮೊದಲ ಓದು ಮಾಡಿದ ಸೋಮವಾರ, ಮಾಲೀಕನ ಪಾತ್ರದವನು ಅದನ್ನು ಮೇಕೆ ಕೂಗಿದ ಹಾಗೆ ಅಳುತ್ತಾ ಓದಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆರಿಲ್ ಎದ್ದು ಹೊರಗೆ ಹೋದಳು.

ಹಾಲ್‌ನ ಹಿಂದೆ, ಕಸದ ಡಬ್ಬಗಳ ಹತ್ತಿರ, ಗೋಡೆ ಹಿಡಿದು ನಿಂತಿದ್ದಳು. ಹೊಟ್ಟೆ ಕೆಟ್ಟಿತೇ ಎಂದೆ.

"ಆ ಸಾಲು ನಾನು ಬರೆದಿದ್ದಲ್ಲ ಮೊಯ್ರಾ" ಎಂದಳು.

"ಮತ್ತೆ?"

"ಎಪ್ಪತ್ತೆರಡರಲ್ಲಿ. ನಂಗೆ ಇಪ್ಪತ್ತೈದು. ಸತ್ತವರ ಹೆಸರು, ವಯಸ್ಸು ತಪ್ಪಬಾರದು ಅಂತ ನಮ್ಮಲ್ಲಿ ಒಂದು ನಿಯಮ. ಬೇರೆ ಏನು ತಪ್ಪಿದ್ರೂ ನಡಿಯುತ್ತೆ. ಅದಕ್ಕೆ ಮನೆಗೆ ಫೋನ್ ಮಾಡಿ ಖಚಿತ ಮಾಡ್ಕೋಬೇಕಿತ್ತು. ಅವನ ತಾಯಿ ಎತ್ತಿಕೊಂಡ್ರು. ಪೊಲೀಸು ಆಗಲೇ ಹೇಳಿ ಹೋಗಿದ್ರು. ಕೀತ್ ಗ್ರೀನ್‌ವುಡ್, ಹತ್ತೊಂಬತ್ತು ಅಂದ್ರು. ನಾನು ಫೋನ್ ಇಡೋಕೆ ಮುಂಚೆ, ಯಾರಿಗೆ ಹೇಳ್ತಿದೀನಿ ಅನ್ನೋದೇ ಗೊತ್ತಿಲ್ಲದ ಹಾಗೆ, ಆ ಮಾತಂದ್ರು. ಬಾಗಿಲಲ್ಲಿ ಕಂಡ್ರೆ ಸಾಕು ಅಂತ. ನಾನು ಬರ್ಕೊಂಡೆ. ಅಧ್ಯಕ್ಷರ ಬಾಯಿಗೆ ಹಾಕ್ದೆ. ಎಲ್ಲಾ ಪೇಪರಲ್ಲೂ ಬಂತು. ನಂಗೆ ಸಂಬಳ ಜಾಸ್ತಿ ಮಾಡಿದ್ರು."

ಅವಳೇ ಮುಂದುವರಿಸಿದಳು. "ಆಮೇಲೆ ಅದು ಬೀರುವಿಗೆ ಹೋಯ್ತು. ಹತ್ತು ಸಲ ಬಳಸಿದ ಮೇಲೆ ನಂಗೇ ಮರೆತುಹೋಯ್ತು, ಅದು ನಂದಲ್ಲ ಅಂತ. ಈಗ ಅವನು ಮೇಕೆ ಥರಾ ಅರಚಿದನಲ್ಲ, ಆಗ ಆಯಮ್ಮನ ದನಿ ಕೇಳಿಸ್ತು."

ಕಂತನ್ನು ಮುಂದಿನ ವಾರದ ಶುಕ್ರವಾರ ಮುನ್ನೂರು ಜನ ಪ್ರೇಕ್ಷಕರ ಮುಂದೆ ಚಿತ್ರೀಕರಿಸುವುದಿತ್ತು. ಬೆರಿಲ್ ಪಿಯರ್ಸ್ ಹತ್ತಿರ ಹೋಗಿ ಆ ಸಾಲು ತೆಗೆ ಎಂದಳು. ಅವನು ಕೆಟ್ಟವನಲ್ಲ, ಆದರೆ ಒಳ್ಳೆಯ ನಗುವನ್ನು ಬಿಟ್ಟುಕೊಡುವ ಜಾತಿಯೂ ಅಲ್ಲ.

"ಬೆರಿಲ್, ಆ ಸಾಲು ತೆಗೆದ್ರೆ ಕಂತೇ ಇಲ್ಲ. ನಿನ್ನ ಕಥೆಗಳೆಲ್ಲ ನಮ್ಮವು ಅಂತ ಸಹಿ ಹಾಕಿದೀಯ. ನಿಂಗೆ ಕಸಿವಿಸಿ ಆಯ್ತು ಅಂತ ಚಾನೆಲ್‌ನವರಿಗೆ ಹೇಳಕ್ಕಾಗುತ್ತಾ? ಮನೆಯವರೇ ಬೇಡ ಅಂತ ಬರೆದ್ರೆ ಬೇರೆ ಮಾತು. ಆ ತಾಯಿ ಇದ್ದಾರಾ? ಅವರ ಒಂದು ಕಾಗದ ತಂದುಕೊಡು, ನಾಳೆನೇ ತೆಗೀತೀನಿ."

ಟೆಲಿಫೋನ್ ಪುಸ್ತಕದಲ್ಲಿ ನೋಡಿದರೆ ಎಡ್ನಾ ಗ್ರೀನ್‌ವುಡ್ ಅದೇ ಬೀದಿಯಲ್ಲಿ, ಅದೇ ಮನೆಯಲ್ಲಿ ಇದ್ದರು. ಬೆರಿಲ್ ಅವರಿಗೆ ಪತ್ರ ಬರೆಯಲು ಕೂತಳು. ಮೂರು ದಿನ ಬರೆದಳು. ನನಗೆ ತಂದು ತೋರಿಸಿದಳು. ಒಂದೊಂದೂ ಅವಳ ಬೀರುವಿನಿಂದ ಬಂದ ಹಾಗೇ ಇತ್ತು. 'ಅತೀವ ವಿಷಾದ', 'ಅರಿಯದೆ ಉಂಟಾದ ನೋವು'. ದೋಣಿ ಕಂಪನಿಯ ಅಧ್ಯಕ್ಷ ಸಹಿ ಹಾಕಬಹುದಿತ್ತು.

ನಾಲ್ಕನೇ ದಿನ ತಂದ ಕಾಗದ ಬೇರೆ. ಅದು ಎಡ್ನಾಗೆ ಬರೆದದ್ದಲ್ಲ, ಎಡ್ನಾ ಬರೆದಂತೆ ಬರೆದದ್ದು. 'ನನಗೆ ಎಪ್ಪತ್ತೇಳು. ನನಗಿದ್ದವನು ಒಬ್ಬನೇ ಮಗ.' ಎಂಟೇ ಸಾಲು, ಒಂದು ಅಕ್ಷರ ಹೆಚ್ಚಿಲ್ಲ. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ.

"ಹತ್ತು ನಿಮಿಷದಲ್ಲಿ ಬಂತು" ಎಂದಳು ಬೆರಿಲ್. ಅವಳ ಮುಖ ಬಿಳಿಚಿತ್ತು. "ಕೆಳಗೆ ಒಂದು ಗೀಚು ಗೀಚಿದ್ರೆ ಆಯ್ತು. ಪಿಯರ್ಸ್ ನಂಬ್ತಾನೆ. ಸಾಲು ಹೋಗುತ್ತೆ. ಆಯಮ್ಮಂಗೆ ಏನೂ ಗೊತ್ತಾಗಲ್ಲ."

"ಕಳಿಸು" ಎಂದೆ ನಾನು. ಹೌದು, ನಾನೇ ಹೇಳಿದೆ, ಇವತ್ತೂ ಅಲ್ಲಗಳೆಯುವುದಿಲ್ಲ. "ಯಾರಿಗೂ ನೋವಾಗಲ್ಲ. ಇದಕ್ಕಿಂತ ಒಳ್ಳೆ ಸುಳ್ಳು ನೀನು ಬರೆದೇ ಇಲ್ಲ."

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಒಂದ್ಸಲ ಅವರ ಬಾಯಿಂದ ಕಿತ್ಕೊಂಡೆ. ಈಗ ಅವರ ಬಾಯಿಗೆ ತುರುಕ್ಲಾ?" ಎಂದಳು. ಕಾಗದ ಮಡಿಸಿ ಹರಿದಳು. "ನಾನೇ ಹೋಗಿ ಹೇಳ್ತೀನಿ. ನೀನೂ ಬಾ ಮೊಯ್ರಾ. ಒಬ್ಬಳೇ ಹೋದ್ರೆ ರೈಲಿಳಿದು ವಾಪಸ್ ಬಂದ್ಬಿಡ್ತೀನಿ."

ಶನಿವಾರ ಯಾರ್ಕ್‌ಶೈರ್‌ಗೆ ಹೋದೆವು. ಮಸಿ ಹಿಡಿದ ಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡ ಹತ್ತುತ್ತಿದ್ದವು. ಬೆರಿಲ್ ಹಿಂದಿನ ದಿನ ಫೋನ್ ಮಾಡಿ, ಕೀತ್ ಸತ್ತಾಗ ಕಾರ್ಖಾನೆಯ ಕಡೆಯಿಂದ ಕೆಲಸ ಮಾಡುತ್ತಿದ್ದವಳು, ಒಂದು ಮಾತು ಹೇಳುವುದಿದೆ ಎಂದಷ್ಟೇ ತಿಳಿಸಿದ್ದಳು. ಎಡ್ನಾ ಬಾಗಿಲಲ್ಲೇ ಕಾಯುತ್ತಿದ್ದರು. ಸಣ್ಣ ದೇಹ, ಇಸ್ತ್ರಿ ಮಾಡಿದ ಏಪ್ರನ್ನು, ಚುರುಕು ಕಣ್ಣು. ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚು, ನೆಂಟರು ಬಂದಾಗ ಮಾತ್ರ ತೆಗೆಯುವ ಕಪ್ಪುಗಳು.

"ಕೂತ್ಕಳಿ, ಕೂತ್ಕಳಿ. ಕಂಪ್ನಿಯೋರು ಅಂತ ಇಷ್ಟು ವರ್ಸಕ್ಕೆ ಒಬ್ರು ಬಂದ್ರಲ್ಲ" ಎಂದರು. "ತಿನ್ನವ್ವ, ಸೊರಗಿ ಹೋಗಿದ್ದಿ. ಲಂಡನ್ನಾಗೆ ಊಟ ಹಾಕಾಕಿಲ್ವಾ?"

ಗೋಡೆಯ ಮೇಲೆ ಒಂದು ಫೋಟೋ, ಕಿವಿ ಅಗಲವಾದ ನಗುಮುಖದ ಹುಡುಗ. ಪಕ್ಕದಲ್ಲೇ ಇನ್ನೊಂದು ಚೌಕಟ್ಟು. ಅದರೊಳಗೆ ಹಳದಿಯಾದ ಪತ್ರಿಕೆಯ ತುಣುಕು. ದೂರದಿಂದಲೇ ನನಗೆ ಆ ಸಾಲು ಕಂಡಿತು. ಬೆರಿಲ್‌ಗೂ ಕಂಡಿತು, ಅವಳು ಕಪ್ಪನ್ನು ಕುಡಿಯದೆ ಕೆಳಗಿಟ್ಟಳು.

ಎಡ್ನಾ ನಮ್ಮ ನೋಟ ಹಿಡಿದು ಹಿಗ್ಗಿದರು. "ನೋಡಿದ್ರಾ? ಅಧ್ಯಕ್ಷರು ಅಂದಿದ್ದು. ನಾನು ಏನಂದ್ಕಂಡಿದ್ದೆ ಗೊತ್ತಾ? ನನ್ ಮಗ ನಂಗೆ ಚಿನ್ನ, ಹೆತ್ತೋಳಿಗೆ ಹಂಗೇ ಕಾಣ್ತದೆ, ಕಾಗೆಗೆ ತನ್ ಮರಿ ಚೆಂದ ಅಂತ. ಆಮೇಲೆ ಪೇಪರ್ನಾಗೆ ಇದು ಬಂತು. ಅಷ್ಟು ದೊಡ್ಡ ಮನ್ಸ, ಕಾರ್ಖಾನೇಲಿ ಎಂಟ್ನೂರು ಜನ, ಅದ್ರಾಗೆ ನನ್ ಕೀತ್ ಬಾಗ್ಲಾಗೆ ಬರೋದು ಅವ್ರ ಕಣ್ಗೂ ಬಿದ್ದಿತ್ತಲ್ಲ. ಅದೇ ನನ್ನ ಕಾಪಾಡ್ತು ಮಗಳೇ. ಇಲ್ದಿದ್ರೆ ಆ ಚಳಿಗಾಲ ನಾನು ದಾಟ್ತಿರ್ಲಿಲ್ಲ."

ಆಗ ನಾನು ಬೆರಿಲ್‌ಳ ಮೊಣಕೈ ಹಿಡಿದೆ. ಬೇಡ, ಎದ್ದುಬಿಡೋಣ, ಲಂಡನ್ನಿಗೆ ಹೋಗಿ ಆ ಎಂಟು ಸಾಲು ಮತ್ತೆ ಬರಿ ಎಂದು ಕಣ್ಣಲ್ಲೇ ಹೇಳಿದೆ. ಅವಳು ಕೈ ಬಿಡಿಸಿಕೊಂಡಳು.

"ಮಿಸೆಸ್ ಗ್ರೀನ್‌ವುಡ್, ಅದನ್ನ ಅಧ್ಯಕ್ಷರು ಹೇಳಿಲ್ಲ. ನೀವು ಹೇಳಿದ್ದು" ಎಂದಳು.

"ನಾನಾ?"

"ಆವತ್ತು ಫೋನಲ್ಲಿ. ಹೆಸರು, ವಯಸ್ಸು ಕೇಳೋಕೆ ಒಬ್ಬಳು ಫೋನ್ ಮಾಡಿದ್ಲು."

ಎಡ್ನಾ ಯೋಚಿಸಿದರು. "ಹೂಂ. ಒಂದು ಹುಡ್ಗಿ. ಮೆತ್ತನೆ ದನಿ. ನಮ್ ಕಡೆ ಮಾತು."

"ನಾನೇ ಅದು. ನೀವು ಹೇಳಿದ್ದನ್ನ ತಗೊಂಡು ಅವರ ಹೆಸರಲ್ಲಿ ಬರೆದೆ. ಅವರು ಕೀತ್‌ನ ನೋಡಿರ್ಲೇ ಇಲ್ಲ. ಆವತ್ತು ಅವರು ಸ್ಪೇನ್‌ನಲ್ಲಿ ರಜದಲ್ಲಿದ್ರು. ಪೇಪರಲ್ಲಿ ಬಂದಿದ್ದನ್ನೂ ಅವರು ಓದಿದ್ರೋ ಇಲ್ವೋ ನಂಗೊತ್ತಿಲ್ಲ."

ಅವಳು ನಿಲ್ಲಿಸಲಿಲ್ಲ. ಬೀರು, ಬ್ಯಾಂಕಿನವನು, ಕುದುರೆ, ನಮ್ಮ ಕಾರ್ಯಕ್ರಮ, ತಾನೇ ಅದನ್ನು ನಗಿಸಲೆಂದು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಾತು ಚೆಂದವಾಗಿರಲಿಲ್ಲ. ಎಲ್ಲೆಲ್ಲೋ ತಡವರಿಸಿತು, ಹೇಳಿದ್ದನ್ನೇ ಎರಡು ಸಲ ಹೇಳಿದಳು, ಮೂಗು ಸೋರಿತು. ಅವಳು ಹಾಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಎಡ್ನಾ ಅಳಲಿಲ್ಲ. ಏಪ್ರನ್ನಿನ ಅಂಚನ್ನು ಮಡಿಸುತ್ತಾ ಕೂತಿದ್ದರು. ಆಮೇಲೆ ಕೇಳಿದರು, "ಹಂಗಾರೆ ಕಾರ್ಖಾನೇಲಿ ಯಾರೂ ಹಂಗಂದಿರ್ಲಿಲ್ಲ?"

"ಗೊತ್ತಿಲ್ಲ. ನಾನು ಯಾರನ್ನೂ ಕೇಳ್ಲಿಲ್ಲ."

"ಟೀವೀಲಿ ಎಸ್ಟು ಜನ ನಗ್ತಾರೆ?"

"ಅಲ್ಲಿ ಮುನ್ನೂರು. ಮನೆಗಳಲ್ಲಿ ಅರವತ್ತು ಲಕ್ಷ ಅಂತಾರೆ."

"ಕಾಗ್ದ ತಗೊ. ಬರಿ. ನನ್ ಕೈ ನಡುಗ್ತದೆ."

ಬೆರಿಲ್ ಪೆನ್ನು ತೆಗೆದು 'ಮಾನ್ಯರೇ, ಬಹಳ ನೋವಿನಿಂದ' ಎಂದು ಶುರುಮಾಡಿದಳು. ಎಡ್ನಾ ಕನ್ನಡಕ ಏರಿಸಿ ನೋಡಿ ಆ ಹಾಳೆ ಕಿತ್ತುಹಾಕಿದರು. "ನಿನ್ ಮಾತು ಬ್ಯಾಡ. ನಾನ್ ಹೇಳಿದ್ದು ಬರಿ. ಆ ಮಾತು ನಂದು. ನನ್ ಮಗನ್ ಬಗ್ಗೆ ನಾನಂದಿದ್ದು. ನೀವ್ ಯಾರೂ ಅನ್ಬ್ಯಾಡಿ. ಅಸ್ಟೇ." ನಡುಗುವ ಕೈಯಲ್ಲೇ, ಎರಡು ನಿಮಿಷ ಹಿಡಿದರೂ, ತಮ್ಮ ಹೆಸರನ್ನು ಪೂರ್ತಿ ಬರೆದರು.

ಪಿಯರ್ಸ್ ಮಾತು ಉಳಿಸಿಕೊಂಡ. ಕಾಗದ ಓದಿ, ಹನ್ನೊಂದು ಕಡೆಯಲ್ಲೂ ಗೆರೆ ಎಳೆದು ನನ್ನ ಮುಂದೆ ಇಟ್ಟ. ಆ ಕಂತು ನೀರಸವಾಗಿ ಬಂತು. ಯಾರೂ ಅದನ್ನು ನೆನಪಿಟ್ಟುಕೊಂಡಿಲ್ಲ. ಬೆರಿಲ್ ಆಮೇಲೆ ಹಾಲ್ ಕಡೆ ಬರಲಿಲ್ಲ. ಈಗ ಈಲಿಂಗ್‌ನ ಗ್ರಂಥಾಲಯದಲ್ಲಿ ವಾರಕ್ಕೆ ಮೂರು ದಿನ ಪುಸ್ತಕ ಜೋಡಿಸುತ್ತಾಳೆ. ಏನೂ ಬರೆಯುವುದಿಲ್ಲ, ಕ್ರಿಸ್‌ಮಸ್ ಕಾರ್ಡಿನಲ್ಲಿ ಕೂಡ ಹೆಸರು ಬಿಟ್ಟು ಬೇರೇನಿರುವುದಿಲ್ಲ.

ಅವಳು ಮಾಡಿದ್ದೇ ಸರಿ ಎಂದು ನನ್ನ ಗಂಡ ಹೇಳುತ್ತಾನೆ, ಪಾದ್ರಿಗಳೂ ಹೇಳಿದರು. ಆ ಎಂಟು ಸಾಲಿನ ಸುಳ್ಳು ಕಾಗದವೇ ಹೋಗಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವರು ಯಾರೂ ಆ ದಿನ ಆ ಬಾಗಿಲಲ್ಲಿ ನಿಂತಿರಲಿಲ್ಲ. ನಾವು ಹೊರಟಾಗ ಎಡ್ನಾ ಎದ್ದು ಬಂದು ನಮ್ಮ ಕೋಟುಗಳನ್ನು ತಾವೇ ತೆಗೆದುಕೊಟ್ಟರು, ಮಿಕ್ಕ ಸ್ಯಾಂಡ್‌ವಿಚ್ಚನ್ನು ರೈಲಿಗೆಂದು ಕಟ್ಟಿಕೊಟ್ಟರು. ಬೆರಿಲ್ "ಕ್ಷಮಿಸಿ" ಎಂದಳು. ಅವರು ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

"ನನ್ ಕೀತ್ ಹೆಂಗಿದ್ದ ಅಂತ ಬಲ್ಲೋರು ಇಬ್ರು ಅಂದ್ಕಂಡಿದ್ದೆ ಮಗಳೇ, ಇಪ್ಪತ್ತೊಂಬತ್ತು ವರ್ಸ" ಎಂದರು ಅವರು. "ಇವತ್ತಿಂದ ನಾನೊಬ್ಳೇ."